ಅಟ್ಟದ ಆರುನೂರ ಹನ್ನೊಂದು ಕಾಯಿ

ತುಮಕೂರು
12 ಆಗಸ್ಟ್ 2024

ನಂದಿತಾ ಅವರಿಗೆ,

ನಿಮ್ಮ ಹಳೆಯ ನಂಬರ್ ಚಾಲ್ತಿಯಲ್ಲಿಲ್ಲ. ಎರಡು ಮೇಲ್‌ಗಳಿಗೆ ಉತ್ತರ ಬರಲಿಲ್ಲ. ಕುಣಿಗಲ್ಲಿನ ಈ ವಿಳಾಸ ಆಫೀಸಿನ ಕಡತದಲ್ಲಿತ್ತು. ಅಲ್ಲಿಂದ ತೆಗೆದುಕೊಳ್ಳುವುದು ಸರಿಯೇ ಎಂದು ಒಂದು ವಾರ ಯೋಚಿಸಿದೆ. ಸರಿಯಲ್ಲ ಅನ್ನಿಸಿಯೂ ಬರೆಯುತ್ತಿದ್ದೇನೆ.

ನಿಮ್ಮ ತಾಯಿಯವರ ಆರೋಗ್ಯ ಹೇಗಿದೆ? ಅವರನ್ನು ನೋಡಿಕೊಳ್ಳಬೇಕೆಂದು ರಾಜೀನಾಮೆಯಲ್ಲಿ ಬರೆದಿದ್ದಿರಿ. ಎರಡು ತಿಂಗಳಲ್ಲಿ ನಾನು ಒಮ್ಮೆಯೂ ವಿಚಾರಿಸಲಿಲ್ಲ. ಕೆಲಸ ಹೆಚ್ಚಿತ್ತು ಎನ್ನಬಹುದು. ಅಷ್ಟೇನೂ ಇರಲಿಲ್ಲ.

ಅಂತರಸನಹಳ್ಳಿಯ ಆಫೀಸು ನೀವು ಬಿಟ್ಟುಹೋದ ಹಾಗೆಯೇ ಇದೆ. ಕೆಳಗಿನ ವರ್ಕ್‌ಶಾಪಿನಲ್ಲಿ ಲೇತ್ ಶುರುವಾದರೆ ಮೇಲೆ ನಮ್ಮ ಮೀಟಿಂಗ್ ನಿಲ್ಲಿಸಬೇಕು. ತಂಡದಲ್ಲಿ ಈಗ ಕಿರಣ್‌ಕುಮಾರ್, ಮಾಹಿರಾ ಮತ್ತು ನಾನು, ಮೂವರೇ. ನಿಮ್ಮ ಕುರ್ಚಿಯ ಮೇಲೆ ಮಾಹಿರಾ ಬ್ಯಾಗ್ ಇಡುತ್ತಾಳೆ. ಕೂರುವುದಿಲ್ಲ.

ಕೆಲಸದ ಒಂದು ಪ್ರಶ್ನೆ ಇದೆ. ಗುಬ್ಬಿಯ ಗೋದಾಮಿನಲ್ಲಿ ಟ್ರಯಲ್ ದಿನ ಒಡೆಸಿದ ಕಾಯಿಗಳ ವಾಸನೆ ನನ್ನ ಮೂಗಿನಿಂದ ಇನ್ನೂ ಹೋಗಿಲ್ಲ. ಕಾಯಿ ಅಲುಗಿಸಿದ ಸದ್ದು ಕೇಳಿ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳಬೇಕಾದ ನಮ್ಮ ಆ್ಯಪ್, ಕೊಳೆತ ಕಾಯಿಗೂ ‘ಆಗಿದೆ’ ಎಂದು ಹಸಿರು ತೋರಿಸಿತು. ಇನ್ನೂರಕ್ಕೆ ಮೂವತ್ತೊಂದು. ಯಾಕೆ ಹಾಗಾಯಿತು ಎಂದು ಈಗ ಮೊದಲಿಂದ ನೋಡುತ್ತಿದ್ದೇವೆ. ಸದ್ದು ಕೇಳಿಯೇ ಕಾಯಿ ಗುರುತಿಸುವ ಹನುಮಕ್ಕನವರ ಅಟ್ಟದಲ್ಲಿ ನೀವು ರೆಕಾರ್ಡ್ ಮಾಡಿ ತಂದ ಏಳು ಸಾವಿರ ಚಿಲ್ಲರೆ ಕಾಯಿಗಳಲ್ಲಿ 611ಕ್ಕೆ ಅವರು ಏನೂ ಹೇಳಿರಲಿಲ್ಲ. ಪಟ್ಟಿಯಲ್ಲಿ ಆ ಖಾನೆ ಖಾಲಿ ಇದ್ದದ್ದರಿಂದ ಅವುಗಳನ್ನು ಕೈಬಿಡಲಾಯಿತು. ಆ ಫೈಲುಗಳ ಪ್ರತಿ ಎಲ್ಲಾದರೂ ಇದೆಯೇ? ತಿಳಿಸಿದರೆ ಉಪಕಾರವಾಗುತ್ತದೆ.

ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಕನ್ನಡದಲ್ಲಿ ಪತ್ರ ಬರೆದು ಇಪ್ಪತ್ತೈದು ವರ್ಷದ ಮೇಲಾಯಿತು. ತಪ್ಪಿದ್ದರೆ ಸರಿಮಾಡಿಕೊಂಡು ಓದಿ.

ಇಂತಿ,
ಅಸ್ಫಿಯಾ


ಕುಣಿಗಲ್
29 ಆಗಸ್ಟ್ 2024

ಅಸ್ಫಿಯಾ ಮೇಡಂ,

ಫೈಲುಗಳಿವೆ. ನನ್ನ ಮೇಜಿನ ಪಕ್ಕದ ಬೀರುವಿನಲ್ಲಿ, ಕೆಳಗಿನ ಅರೆಯಲ್ಲಿ, ಹಳೆಯ ಕೀಬೋರ್ಡ್‌ಗಳ ಹಿಂದೆ ಒಂದು ಕಪ್ಪು ಹಾರ್ಡ್ ಡಿಸ್ಕ್ ಇದೆ. ಮೇಲೆ ‘ಅಜ್ಜಿ’ ಎಂದು ಅಂಟಿಸಿದ್ದೇನೆ. ಪಟ್ಟಿಯಿಂದ ತೆಗೆ ಎಂದಿದ್ದಕ್ಕೆ ತೆಗೆದೆ, ಅಳಿಸಲು ಮನಸ್ಸು ಬರಲಿಲ್ಲ. ಆ ಅಟ್ಟದ ಏಣಿ ಹತ್ತಿ ಇಳಿದು ನನ್ನ ಮಂಡಿ ನೋವು ಹೋಗಲು ಒಂದು ತಿಂಗಳು ಹಿಡಿದಿತ್ತು. ಬಿದರೆಹಳ್ಳ ಕಾವಲಿನ ಕಾರ್ಖಾನೆಯಿಂದ ಹೆಲಿಕಾಪ್ಟರ್ ಮೇಲೆದ್ದಾಗಲೆಲ್ಲ ರೆಕಾರ್ಡಿಂಗ್ ನಿಲ್ಲಿಸಿ, ಅಜ್ಜಿಯೂ ನಾನೂ ಕಡಲೆಬೀಜ ತಿನ್ನುತ್ತ ಅದು ದೂರ ಹೋಗುವುದನ್ನು ಕಾಯುತ್ತಿದ್ದೆವು.

‘ಕೈಬಿಡಲಾಯಿತು’ ಎಂದು ಬರೆದಿದ್ದೀರಿ. ಕೈ ಯಾರದು ಎಂದು ಬರೆದಿಲ್ಲ.

ನನ್ನ ತಾಯಿ ಗಟ್ಟಿಮುಟ್ಟಾಗಿದ್ದಾರೆ. ಬೆಳಿಗ್ಗೆ ಒಂಬತ್ತಕ್ಕೆ ಅಂಗನವಾಡಿಗೆ ಹೋಗಿ ಮಧ್ಯಾಹ್ನದವರೆಗೆ ಇಪ್ಪತ್ತು ಮಕ್ಕಳನ್ನು ಹಿಡಿದು ಕೂರಿಸುತ್ತಾರೆ. ರಾಜೀನಾಮೆಯಲ್ಲಿ ಬರೆದದ್ದು ಸುಳ್ಳು. ಏನಾದರೂ ಬರೆಯಬೇಕಿತ್ತಲ್ಲ. ಅಮ್ಮನಿಗೆ ನಾನು ಹೇಳಿರುವುದು ಬೇರೆ ಸುಳ್ಳು: ಕಂಪನಿಯವರು ಮನೆಯಿಂದಲೇ ಕೆಲಸ ಮಾಡು ಅಂದಿದ್ದಾರೆ ಎಂದು. ಹೀಗಾಗಿ ಅವರು ಮನೆಯಲ್ಲಿರುವಾಗಲೆಲ್ಲ ಲ್ಯಾಪ್‌ಟಾಪ್ ತೆರೆದು ಕೂರುತ್ತೇನೆ. ಸಂಜೆ ನಾಲ್ಕು ಪಿಯುಸಿ ಹುಡುಗಿಯರಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ.

ಫೋನ್ ನಂಬರ್ ಕೊಡುವುದಿಲ್ಲ, ತಪ್ಪು ತಿಳಿಯಬೇಡಿ. ಫೋನಿನಲ್ಲಿ ಯಾರು ಏನು ಕೇಳಿದರೂ ನಾನು ಬೇಗ ‘ಆಯ್ತು’ ಅಂದುಬಿಡುತ್ತೇನೆ. ಕಾಗದದಲ್ಲಾದರೆ ಯೋಚಿಸಲು ಹೊತ್ತು ಸಿಗುತ್ತದೆ.

ಮತ್ತೆ, ಮೂರು ವರ್ಷ ನೀವು ನನ್ನನ್ನು ‘ನೀನು’ ಅಂದಿದ್ದೀರಿ. ಈಗ ಬಹುವಚನ ಯಾಕೆ? ನಾವು ಆಫೀಸಿನಲ್ಲಿ ತಮಾಷೆ ಮಾಡುತ್ತಿದ್ದೆವು: ಮೇಡಂ ಬೈಯುವುದು ಇಂಗ್ಲಿಷಿನಲ್ಲಿ, ಟೀ ಕುಡಿದ್ಯಾ ಅನ್ನುವುದು ಕನ್ನಡದಲ್ಲಿ. ಕನ್ನಡದಲ್ಲಿ ಬರೆದಿದ್ದೀರಲ್ಲ ಎಂದೇ ಉತ್ತರಿಸುತ್ತಿದ್ದೇನೆ.

ನಂದಿತಾ


ತುಮಕೂರು
8 ಸೆಪ್ಟೆಂಬರ್ 2024

ಪ್ರಿಯ ನಂದಿತಾ,

ಹಾರ್ಡ್ ಡಿಸ್ಕ್ ಸಿಕ್ಕಿತು. ನೀನು ಹೇಳಿದ ಜಾಗದಲ್ಲೇ ಇತ್ತು.

ಮಾಹಿರಾ ಮತ್ತು ನಾನು ಒಂದೇ ಇಯರ್‌ಫೋನಿನ ಎರಡು ತುದಿ ಹಂಚಿಕೊಂಡು ಕೇಳಿದೆವು. ಕಾಯಿ ಅಲುಗಿದ ಸದ್ದು ಬರುತ್ತದೆ. ಬೇರೆ ಫೈಲುಗಳಲ್ಲಾದರೆ ಆಮೇಲೆ ಹನುಮಕ್ಕನವರ ದನಿ, ‘ಆಗೈತೆ’ ಅಂತಲೋ ‘ಇನ್ನೂ ನೀರೈತೆ’ ಅಂತಲೋ. ಇವುಗಳಲ್ಲಿ ಅದಿಲ್ಲ. ಮೂರ್ನಾಲ್ಕು ಸೆಕೆಂಡು ಏನೂ ಇಲ್ಲ. ಆಮೇಲೆ ದೂರದಿಂದ ನಿನ್ನ ದನಿ: ‘ಮುಂದಿನ್ದು ಅಜ್ಜಿ.’ ಎಲ್ಲದರಲ್ಲೂ ಹೀಗೆಯೇ. ನೂರು ಕೇಳಿದ ಮೇಲೆ ಮಾಹಿರಾ ಇಯರ್‌ಫೋನ್ ತೆಗೆದಿಟ್ಟು, “ಅಜ್ಜಿ ಮಧ್ಯ ಮಧ್ಯ ತೂಕಡಿಸ್ತಿದ್ರಾ ಮೇಡಂ?” ಅಂದಳು. ಕಿರಣ್‌ಕುಮಾರ್ ತಲೆ ಎತ್ತದೆಯೇ, “ಎಲೆ ಅಡಿಕೆ ಹಾಕ್ಕೊಂಡಿದ್ರೇನೋ ಬಿಡಿ” ಅಂದ. ಮೂವರೂ ನಕ್ಕೆವು. ತುಂಬಾ ದಿನದ ಮೇಲೆ.

ಮಧ್ಯಾಹ್ನ ಅವರಿಬ್ಬರೂ ಡಬ್ಬಿ ಹಿಡಿದು ಟೆರೇಸಿಗೆ ಹೋಗುತ್ತಾರೆ. ಮೊದಲು ನಾವೆಲ್ಲ ಒಟ್ಟಿಗೆ ಹೋಗುತ್ತಿದ್ದೆವು, ನಿನ್ನ ಡಬ್ಬಿಯ ಹುಳ್ಳಿಕಾಳು ಸಾರಿಗೆ ಜಗಳವಾಗುತ್ತಿತ್ತು. ಈಗ ನಾನು ನನ್ನ ಮೇಜಿನಲ್ಲೇ ಮುಗಿಸುತ್ತೇನೆ. ನಾನು ಹೋದರೆ ಮಾತು ನಿಂತುಹೋಗುತ್ತದೆ. ಮೇಲಿನವರು ಬಂದರೆ ಮಾತು ನಿಲ್ಲುವುದು ಎಲ್ಲ ಆಫೀಸಿನಲ್ಲೂ ಇರುವುದೇ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ದಿನವೂ ಹೇಳಿಕೊಳ್ಳುತ್ತೇನೆ. ಮನೆಗೆ ಬಂದರೆ ಅಮ್ಮಿ ಕಿವಿಯ ಮಿಷನ್ ತೆಗೆದಿಟ್ಟು ಟೀವಿ ನೋಡುತ್ತಿರುತ್ತಾರೆ. ಬರೀ ಚಿತ್ರ ಸಾಕು ಅನ್ನುತ್ತಾರೆ.

ನಮ್ಮ ಅಬ್ಬಾ ನಜೀರ್ ಅಹಮದ್ ಶಿರಾ ಗೇಟಿನಲ್ಲಿ ತಕ್ಕಡಿ ರಿಪೇರಿ ಅಂಗಡಿ ಇಟ್ಟಿದ್ದರು, ಎಂದಾದರೂ ಹೇಳಿದ್ದೆನೇ? ರಿಪೇರಿಯಾದ ತಕ್ಕಡಿಯನ್ನು ಹಾಗೇ ಕಳಿಸುತ್ತಿರಲಿಲ್ಲ. ಅದರ ಯಜಮಾನನನ್ನೇ ಕರೆದು, ಅವನ ಕೈಯಿಂದಲೇ ತೂಕದ ಬಟ್ಟು ಇಡಿಸಿ, ಮುಳ್ಳು ನಿಲ್ಲುವುದನ್ನು ಅವನೇ ನೋಡಿದ ಮೇಲೆ ಕೊಡುತ್ತಿದ್ದರು. ಯಾಕೆ ಇದನ್ನು ಬರೆದೆನೋ ಗೊತ್ತಿಲ್ಲ.

ನಿನಗೆ ಬೇಸರವಾಗಿದೆ ಎಂದು ಗೊತ್ತು. ಈ ಸಲದ ರೇಟಿಂಗ್ ಕಡಿಮೆ ಬಂತು, ಬಡ್ತಿ ಕಿರಣನಿಗೆ ಹೋಯಿತು. ಅದೇ ಕಾರಣವಾದರೆ ಸರಿಮಾಡಬಹುದು. ವೀರಭದ್ರಯ್ಯನವರ ಹತ್ತಿರ ಮಾತಾಡಿ ನಿನ್ನನ್ನು ಮತ್ತೆ ತೆಗೆದುಕೊಳ್ಳುವಂತೆ ಮಾಡಬಲ್ಲೆ. ಯೋಚಿಸಿ ತಿಳಿಸು.

ಅಸ್ಫಿಯಾ


ಕುಣಿಗಲ್
20 ನವೆಂಬರ್ 2024

ಅಸ್ಫಿಯಾ ಮೇಡಂ,

ಉತ್ತರ ತಡವಾಯಿತು. ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ಓದಿ ಮಡಿಸಿಟ್ಟಿದ್ದೆ. ರೇಟಿಂಗಿಗೆ ಯಾರಾದರೂ ಕೆಲಸ ಬಿಡುತ್ತಾರೆಯೇ?

ಈಗ ಬರೆಯುತ್ತಿರುವುದಕ್ಕೆ ಬೇರೆ ಕಾರಣವಿದೆ. ಬಿದರೆಹಳ್ಳ ಕಾವಲಿನ ಕಡೆ ಬಿಡಿಭಾಗ ತಯಾರಿಸುವ ಒಂದು ಚಿಕ್ಕ ಕಂಪನಿಯವರು ನನ್ನನ್ನು ಆರಿಸಿದ್ದಾರೆ. ಯಂತ್ರದ ಸದ್ದು ಕೇಳಿ ಅದು ಯಾವಾಗ ಕೆಡುತ್ತದೆ ಎಂದು ಮುಂಚೆಯೇ ಹೇಳುವ ಕೆಲಸ. ಅಜ್ಜಿಯ ಅಟ್ಟದಲ್ಲಿ ಕಲಿತದ್ದೆಲ್ಲ ಸಂದರ್ಶನದಲ್ಲಿ ಹೇಳಿದೆ, ತುಂಬಾ ಇಷ್ಟಪಟ್ಟರು. ಆದರೆ ಹಿಂದಿನ ಕಂಪನಿಯಿಂದ ವಿಚಾರಣೆ ಮಾಡಿಸುತ್ತಾರಂತೆ. ನಮ್ಮ ಆಫೀಸಿನಿಂದ ಅವರಿಗೆ ನನ್ನ ಕಡತದ ಪ್ರತಿ ಹೋಗಿದೆ. ಅದರಲ್ಲಿ ಗುಬ್ಬಿ ಟ್ರಯಲ್‌ನ ವರದಿ ಇದೆ. ಅವರ ಎಚ್‌ಆರ್ ಫೋನಿನಲ್ಲಿ ಒಂದು ಸಾಲು ಓದಿ ಹೇಳಿದರು: “ನಂದಿತಾ ಅವರ ಅಜಾಗರೂಕತೆಯಿಂದ ಮುಖ್ಯ ದತ್ತಾಂಶ ಕೈತಪ್ಪಿ ಪ್ರಯೋಗ ವಿಫಲವಾಗಿದೆ.” ಇದಕ್ಕೆ ನೀವೇನು ಹೇಳ್ತೀರಿ ಎಂದು ಕೇಳಿದರು. ಸ್ವಲ್ಪ ಸಮಯ ಕೊಡಿ ಅಂದೆ. ಡಿಸೆಂಬರ್ 15ರ ತನಕ ಟೈಮ್ ಕೊಟ್ಟಿದ್ದಾರೆ.

ಮೇಡಂ, ನಿಮಗೆ ನೆನಪಿರಬಹುದು. ಮೇ ತಿಂಗಳಲ್ಲಿ ನಾನು ನಿಮ್ಮ ಮೇಜಿನ ಹತ್ತಿರ ಬಂದು, “ಈ ಖಾಲಿಗಳನ್ನ ಒಂದ್ಸಲ ಪೂರ್ತಿ ಕೇಳ್ಬೇಕು, ಎರಡು ದಿನ ಕೊಡಿ” ಅಂದಿದ್ದೆ. ನೀವು ಸ್ಕ್ರೀನಿನಿಂದ ಕಣ್ಣು ತೆಗೆಯದೆ “ಡ್ರಾಪ್ ದೆಮ್” ಅಂದಿರಿ. ತಪ್ಪಲ್ಲ, ಟ್ರಯಲ್‌ಗೆ ಹತ್ತು ದಿನ ಮಾತ್ರ ಇತ್ತು. ಆಮೇಲೆ ಗೋದಾಮಿನಲ್ಲಿ ಅಷ್ಟು ಜನರ ಮುಂದೆ ವೀರಭದ್ರಯ್ಯ ಸರ್, “ಯಾರ್ರೀ ಡೇಟಾ ಕ್ಲೀನ್ ಮಾಡಿದ್ದು?” ಅಂದಾಗ ನಾನು ನಿಮ್ಮ ಕಡೆ ನೋಡಿದೆ. ನೀವು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಿರಿ. ಆಗಲೇ ಮುಚ್ಚಿದ್ದ ಮುಚ್ಚಳ. ನಾನೇ ಕೈ ಎತ್ತಿ, “ನಾನು ಸರ್” ಅಂದೆ.

ಅದೂ ಇರಲಿ. ಆ ಕ್ಷಣದಲ್ಲಿ ಯಾರಿಗಾದರೂ ಬಾಯಿ ಬರದೇ ಹೋಗಬಹುದು. ಆದರೆ ಆಮೇಲೆ ಕೂತು, ಯೋಚಿಸಿ, ‘ಅಜಾಗರೂಕತೆ’ ಎಂದು ಬರೆಯುವುದಿದೆಯಲ್ಲ. ವರದಿ ಬರೆದವರ ಹೆಸರು ಅದರಲ್ಲಿ ಇಲ್ಲವಂತೆ. ವೀರಭದ್ರಯ್ಯ ಸರ್ ಇರಬೇಕು. ಅವರಿಗೆ ನಮ್ಮ ಕೆಲಸ ಏನು ಅಂತಲೇ ಗೊತ್ತಿಲ್ಲ.

ನನಗೆ ವಾಪಸ್ ಬರುವುದು ಬೇಡ. ಆ ಒಂದು ಸಾಲು ತೆಗೆಸಿಕೊಡಿ. ನೀವು ಹೇಳಿದರೆ ಅವರು ಕೇಳುತ್ತಾರೆ.

ನಂದಿತಾ


ತುಮಕೂರು
25 ನವೆಂಬರ್ 2024

ಪ್ರಿಯ ನಂದಿತಾ,

ನಿನ್ನ ಪತ್ರ ತಲುಪಿತು. ವೀರಭದ್ರಯ್ಯನವರ ಹತ್ತಿರ ಮಾತಾಡುತ್ತೇನೆ. ಅವರು ಈ ವಾರ ಊರಲ್ಲಿಲ್ಲ. ಚಿಂತೆ ಮಾಡಬೇಡ.

ಹೊಸ ಕೆಲಸ ಸಿಗುತ್ತಿರುವುದು ಸಂತೋಷ.

ಅಸ್ಫಿಯಾ


ಕುಣಿಗಲ್
5 ಡಿಸೆಂಬರ್ 2024

ಅಸ್ಫಿಯಾ ಮೇಡಂ,

ನೀವು ಮಾತಾಡುತ್ತೇನೆ ಎಂದು ಬರೆದದ್ದು ಓದಿ ಎದೆಯ ಭಾರ ಇಳಿಯಿತು. ಹಿಂದಿನ ಪತ್ರದಲ್ಲಿ ಮುಚ್ಚಳದ ವಿಷಯ ಬರೆಯಬಾರದಿತ್ತು ಅನ್ನಿಸಿತು. ಮರೆತುಬಿಡಿ.

ಅದಕ್ಕೆ ಬದಲಾಗಿ ನಿಮಗೊಂದು ಸುದ್ದಿ ಕೊಡುತ್ತೇನೆ. ಭಾನುವಾರ ಗುಬ್ಬಿಯಲ್ಲಿ ಸೋದರತ್ತೆಯ ಮನೆಗೆ ಹೋಗಿದ್ದೆ. ಅಲ್ಲಿಂದ ಬಸ್ಸು ಹತ್ತಿ ಅಜ್ಜಿಯ ಊರಿಗೆ ಹೋದೆ. ಹನುಮಕ್ಕಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. “ಏನೇ, ಫೋನ್ ಹಿಡ್ಕಂಡ್ ಬಂದಿಲ್ವಲ್ಲೇ ಇವತ್ತು” ಅಂದರು. ಕೇಳಿಯೇಬಿಟ್ಟೆ: ಅಜ್ಜಿ, ಕೆಲವು ಕಾಯಿಗೆ ನೀವು ಏನೂ ಹೇಳ್ತಿರ್ಲಿಲ್ಲ, ಯಾಕೆ?

ದಡ್ಡಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು. “ಅವು ಕೊಳ್ತಿದ್ವು ಕಣವ್ವ.”

“ಮತ್ತೆ ಹೇಳ್ಬಾರ್ದಾಗಿತ್ತಾ?”

“ಅಟ್ಟದ್ ಮೇಲೆ ಕುಂತ್ಕಂಡು ಕೆಟ್ಟೈತೆ ಅಂತ ಅಂತಾರೇನೇ? ಮಿಕ್ಕಿದ್ ಕಾಯಿ ಕೇಳಿಸ್ಕಂತವೆ. ಒಂದು ಕೆಟ್ಟೈತೆ ಅಂದ್ರೆ ಪಕ್ಕದ್ದೂ ಕೆಡ್ತದೆ. ನಮ್ಮತ್ತೇನೂ ಅಂತಿರ್ಲಿಲ್ಲ, ನಾನೂ ಅನ್ನಲ್ಲ. ಸುಮ್ಕೆ ಹಿಂದಕ್ಕೆ ಸರಿಸ್ತಿದ್ದೆ. ನೀನ್ ನೋಡ್ತಿರ್ಲಿಲ್ವಾ?”

ನಾನು ನೋಡುತ್ತಿರಲಿಲ್ಲ ಮೇಡಂ. ಫೋನಿನ ಪರದೆಯ ಮೇಲೆ ಸದ್ದಿನ ಗೆರೆ ಏಳುವುದನ್ನು ನೋಡುತ್ತಿದ್ದೆ. ಆಕೆಯ ಕೈ ನೋಡಲೇ ಇಲ್ಲ. ಅಷ್ಟರಲ್ಲಿ ಯಜಮಾನರು ಚಿಕ್ಕರಂಗಯ್ಯ ಒಳಗಿಂದ ಬಂದು, “ಇವ್ಳು ಜೀವ್ಮಾನದಾಗೆ ಸುಮ್ಕಿರೋದು ಅಂದ್ರೆ ಅಟ್ಟದ್ ಮೇಲ್ ಮಾತ್ರ. ಅದನ್ನೂ ಬಂದು ಯಾಕೆ ಅಂತ ಕೇಳ್ತೀಯಲ್ಲವ್ವ” ಅಂದರು. ಅಜ್ಜಿ ಅವರೆಕಾಯಿ ಸಿಪ್ಪೆ ಎಸೆದರು.

ಅಂದರೆ ಆ 611 ಖಾಲಿಯಲ್ಲ. ಅಷ್ಟೂ ಕೊಳೆತ ಕಾಯಿಗಳು. ನಮ್ಮ ಮಾಡೆಲ್ ಕೊಳೆತ ಕಾಯಿಯ ಸದ್ದನ್ನು ಒಮ್ಮೆಯೂ ಕೇಳಿಯೇ ಇರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಎರಡೇ, ನೀರಿನ ಸದ್ದು ಮತ್ತು ನೀರಿಲ್ಲದ ಸದ್ದು. ನೀರಿನ ಸದ್ದು ಇಲ್ಲದಿದ್ದರೆ ಆಗಿದೆ ಅಂದುಬಿಡುತ್ತಿತ್ತು. ಈಗ ಅವುಗಳನ್ನು ಸೇರಿಸಿ ಮತ್ತೆ ಕಲಿಸಿದರೆ ಸರಿಹೋಗುತ್ತದೆ. ಮೂರ್ನಾಲ್ಕು ವಾರದ ಕೆಲಸ. ಇದನ್ನು ನೀವೇ ಕಂಡುಹಿಡಿದದ್ದು ಎಂದು ಸರ್‌ಗೆ ಹೇಳಿ, ನನ್ನ ಹೆಸರು ಬೇಕಿಲ್ಲ. ನನ್ನ ವಿಷಯ ಮಾತಾಡುವಾಗ ನಿಮಗೆ ಅನುಕೂಲವಾಗಬಹುದು.

15ಕ್ಕೆ ಇನ್ನು ಹತ್ತು ದಿನ.

ನಿಮ್ಮ,
ನಂದಿತಾ


ತುಮಕೂರು
11 ಡಿಸೆಂಬರ್ 2024

ನಂದಿತಾ,

ಆ ಸಾಲು ಬರೆದದ್ದು ನಾನು.

ವೀರಭದ್ರಯ್ಯನವರಲ್ಲ. ಜೂನ್ ಮೂರು, ಸೋಮವಾರ, ಊಟಕ್ಕೆ ಮುಂಚೆ. ನೀನು ನನ್ನಿಂದ ನಾಲ್ಕು ಮಾರು ದೂರದಲ್ಲಿ ಕೂತಿದ್ದೆ. ಮೊದಲು ‘ತಂಡದ ಅಜಾಗರೂಕತೆ’ ಎಂದು ಬರೆದೆ. ಆಮೇಲೆ, ತಂಡ ಅಂದರೆ ಅದರ ಮುಖ್ಯಸ್ಥೆ ನಾನೇ ಆಗುತ್ತೇನೆ ಅನ್ನಿಸಿ ತಿದ್ದಿದೆ. ಅಷ್ಟೇ ನಡೆದದ್ದು. ತಿದ್ದಲು ಒಂದು ನಿಮಿಷವೂ ಬೇಕಾಗಲಿಲ್ಲ.

‘ಡ್ರಾಪ್ ದೆಮ್’ ಅಂದದ್ದು ನೆನಪಿರಬಹುದು ಎಂದು ನೀನು ಬರೆದಿದ್ದೆ. ಆ ದಿನ ನೀನು ಹಾಕಿಕೊಂಡಿದ್ದ ಕುರ್ತಾದ ಬಣ್ಣವೂ ನೆನಪಿದೆ. ನಿನ್ನ ನವೆಂಬರಿನ ಪತ್ರ ಓದಿದಾಗಲೇ ಹೇಳಬೇಕಿತ್ತು. ‘ಸರ್ ಇರಬೇಕು’ ಎಂದು ನೀನು ಬರೆದ ಸಾಲಿನ ಹಿಂದೆ ನಾನು ಎರಡು ವಾರ ಬಚ್ಚಿಟ್ಟುಕೊಂಡೆ. ಅವರು ಊರಲ್ಲಿಲ್ಲ ಎಂದು ಬರೆದೆನಲ್ಲ, ಅವರು ಅಂದು ಪಕ್ಕದ ಕೋಣೆಯಲ್ಲೇ ಇದ್ದರು. ಆಮೇಲೆ ನಿನ್ನ ಮುಂದಿನ ಪತ್ರ ಬಂತು. ಹನುಮಕ್ಕನವರ ಸಂಗತಿಯನ್ನು ನೀನು ನನ್ನ ಕೈಗಿಟ್ಟು, ನಿನ್ನ ಹೆಸರು ಬೇಡ ಅಂದೆ. ಅದನ್ನು ಓದಿ ಕೂರಲಾಗಲಿಲ್ಲ.

ಸೋಮವಾರದ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳಿದೆ. ಖಾಲಿ ಫೈಲುಗಳನ್ನು ಕೇಳಬೇಕು ಅಂದವಳು ನಂದಿತಾ, ಬೇಡ ಅಂದವಳು ನಾನು, ಅವಳ ಮೇಲೆ ಬರೆದವಳೂ ನಾನು, ಅವು ಏನೆಂದು ಈಗ ಕಂಡುಹಿಡಿದವಳೂ ಅವಳೇ. ಕನ್ನಡದಲ್ಲೇ ಹೇಳಿದೆ. ವೀರಭದ್ರಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡು, “ಆರು ತಿಂಗಳಾದ್ಮೇಲೆ ಇದೆಲ್ಲ ಯಾಕೆ ಮೇಡಂ? ಆ ಹುಡ್ಗಿ ಹೋಗಾಯ್ತು. ಯಾರು ಕೇಳಿದ್ರು ಈಗ?” ಅಂದರು. ಮಾಹಿರಾ ಟೈಪ್ ಮಾಡುವುದನ್ನು ನಿಲ್ಲಿಸಿದ್ದಳು. ಕಿರಣ್‌ಕುಮಾರ್ ಪೆನ್ನಿನ ಕ್ಯಾಪು ನೋಡುತ್ತ, “ನಮ್ಗೆಲ್ಲ ಗೊತ್ತಿತ್ತು ಮೇಡಂ. ಅವತ್ತು ನೀವು ಅಂದಿದ್ದು ಇಬ್ರಿಗೂ ಕೇಳ್ಸಿತ್ತು” ಅಂದ.

ಇಷ್ಟು ತಿಂಗಳು ಅವರು ಟೆರೇಸಿಗೆ ನನ್ನನ್ನು ಕರೆಯದೆ ಹೋಗುತ್ತಿದ್ದದ್ದು ನಾನು ಮೇಲಿನವಳು ಎಂದು ತಿಳಿದಿದ್ದೆ. ನಿನಗೂ ಹಾಗೇ ಬರೆದಿದ್ದೆ.

ವರದಿಯನ್ನು ತಿದ್ದಿ, ನನ್ನ ಹೆಸರು ಹಾಕಿ ಸಹಿ ಮಾಡಿದ್ದೇನೆ. ಆ ಕಂಪನಿಯ ಎಚ್‌ಆರ್‌ಗೆ ನಾನೇ ಫೋನ್ ಮಾಡಿ ಮಾತಾಡಿದೆ, ಮೇಲ್ ಕೂಡ ಕಳಿಸಿದೆ. ಎರಡರ ಪ್ರತಿಯೂ ಈ ಲಕೋಟೆಯಲ್ಲಿದೆ, ನೀನೇ ಓದಿ ನೋಡು. ಜನವರಿಯಿಂದ ತಂಡವನ್ನು ಕಿರಣ್‌ಕುಮಾರ್ ನೋಡಿಕೊಳ್ಳುತ್ತಾನೆ. ನನ್ನನ್ನು ಹೊರಗೆ ಕಳಿಸಲಿಲ್ಲ. ಅವನ ಕೈಕೆಳಗೆ ಇರುತ್ತೇನೆ. ಆ 611ಕ್ಕೆ ‘ಕೊಳೆತಿದೆ’ ಎಂದು ಹೆಸರು ಕೊಡುವ ಕೆಲಸ ನನಗೇ ಬೇಕೆಂದು ಕೇಳಿಕೊಂಡೆ.

ನಿನ್ನೆ ಗುಬ್ಬಿಗೆ ಹೋಗಿ ಬಂದೆ. ನಾನು ಆ ಅಟ್ಟವನ್ನು ಒಮ್ಮೆಯೂ ನೋಡಿರಲಿಲ್ಲ, ನಿನಗೆ ಗೊತ್ತು. ಮೂರು ವರ್ಷ ಆ ಕಾಯಿಗಳ ಗ್ರಾಫ್ ಮಾತ್ರ ನೋಡಿದ್ದೆ. ಏಣಿ ಹತ್ತುವಾಗ ಹನುಮಕ್ಕನವರು ಕೆಳಗಿನಿಂದ, “ನೀನೇನಾ ಆ ಹುಡ್ಗಿ ಮೇಲಿನ್ ಮೇಡಮ್ಮು? ಮೆಲ್ಲಕ್ ಹತ್ತು, ದುಪಟ್ಟ ಸಿಕ್ಕಾಕಂತದೆ” ಅಂದರು. ಆಮೇಲೆ ಅವರೂ ಹತ್ತಿ ಬಂದು ಕೂತು, ಒಂದೊಂದೇ ಕಾಯಿ ಅಲುಗಿಸಿ ತೋರಿಸಿದರು. ಒಂದಕ್ಕೆ ಏನೂ ಹೇಳದೆ ಹಿಂದಕ್ಕೆ ಸರಿಸಿದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಇಳಿದು ಬಂದ ಮೇಲೆ ಕೇಳಿದರು: “ಸುಮ್ಕಿದ್ರೆ ನಿಮ್ ಆಪೀಸ್ನಾಗೆ ಲೆಕ್ಕಕ್ಕೇ ಇಲ್ವಾ?”

ನಾನು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.

ಕ್ಷಮಿಸು ಎಂದು ಕೇಳಿದರೆ ನೀನು ‘ಆಯ್ತು’ ಅಂದುಬಿಡುವವಳು. ಆದ್ದರಿಂದ ಕೇಳುತ್ತಿಲ್ಲ.

ಅಸ್ಫಿಯಾ


ತುಮಕೂರು
16 ಮಾರ್ಚ್ 2025

ನಂದಿತಾ,

ನೀನು ಜನವರಿ ಆರಕ್ಕೆ ಕೆಲಸಕ್ಕೆ ಸೇರಿದೆ ಎಂದು ಮಾಹಿರಾ ಹೇಳಿದಳು. ಅವಳಿಗೆ ನಿನ್ನ ಹೊಸ ನಂಬರ್ ಗೊತ್ತಿದೆ. ನನಗೆ ಕೊಡಬೇಡ ಎಂದು ನಾನೇ ಹೇಳಿದೆ.

611 ಮುಗಿಯಿತು. ಗುಬ್ಬಿಯ ಅದೇ ಗೋದಾಮಿನಲ್ಲಿ ಹೋದ ವಾರ ಮತ್ತೆ ಇನ್ನೂರು ಕಾಯಿ ಒಡೆಸಿದರು. ಹಸಿರು ತೋರಿಸಿದ್ದರಲ್ಲಿ ಎರಡು ಮಾತ್ರ ಕೊಳೆತಿದ್ದವು. ಎಲ್ಲರೂ ಕಿರಣ್‌ಕುಮಾರ್‌ನ ಕೈ ಕುಲುಕಿದರು. ಅವನು ಮೊದಲು ನಿನ್ನ ಹೆಸರು ಹೇಳಿದ.

ಪ್ರತಿ ಫೈಲಿನ ಕೊನೆಯ ಎರಡು ಸೆಕೆಂಡು ಕತ್ತರಿಸಬೇಕಿತ್ತು, ಅದು ಕಾಯಿಯ ಸದ್ದಲ್ಲ ಎಂದು. ಕತ್ತರಿಸಿದ್ದೇನೆ. ‘ಮುಂದಿನ್ದು ಅಜ್ಜಿ.’ ಮೊದಲ ನೂರರಲ್ಲಿ ನಿನ್ನ ದನಿ ಚುರುಕಾಗಿದೆ, ಕೊನೆಕೊನೆಗೆ ಸುಸ್ತಾಗಿದೆ. ಮಂಡಿ ನೋಯುತ್ತಿತ್ತು ಎಂದು ಬರೆದಿದ್ದೆಯಲ್ಲ, ಅದು ಕೇಳಿಸುತ್ತದೆ. ಮೂಲ ಪ್ರತಿಯನ್ನು ಹಾಗೇ ಇಟ್ಟಿದ್ದೇನೆ, ಅದೇ ಬೀರುವಿನಲ್ಲಿ, ಅದೇ ಅರೆಯಲ್ಲಿ.

ಉತ್ತರ ಬರೆಯಬೇಕಿಲ್ಲ.

ಅಸ್ಫಿಯಾ


ಗುಬ್ಬಿ
22 ಜೂನ್ 2025

ಅಸ್ಫಿಯಾ ಮೇಡಂ,

ಈಗ ಗುಬ್ಬಿಯಲ್ಲೇ ರೂಮು ಮಾಡಿಕೊಂಡಿದ್ದೇನೆ. ನಿಮ್ಮ ಮಾರ್ಚ್ ಪತ್ರವನ್ನು ಅಮ್ಮ ಕುಣಿಗಲ್ಲಿನಿಂದ ತಂದುಕೊಟ್ಟರು. ಡಿಸೆಂಬರಿನ ಪತ್ರವನ್ನು ಆಗಲೇ ಎರಡು ಸಲ ಓದಿದ್ದೆ. ಮೊದಲ ಸಲ ಅಳು ಬಂತು, ಎರಡನೆಯ ಸಲ ಸಿಟ್ಟು. ಸಿಟ್ಟು ಆ ಸಾಲಿಗಲ್ಲ. ‘ಚಿಂತೆ ಮಾಡಬೇಡ’ ಎಂದು ಬರೆದಿರಲ್ಲ, ಅದಕ್ಕೆ. ನಾನು ಅದನ್ನು ನಂಬಿ ಅಮ್ಮನಿಗೆ ನಿಜ ಹೇಳಿದ್ದೆ: ಅಮ್ಮ, ನಾನು ಕೆಲಸ ಬಿಟ್ಟಿದ್ದೆ, ಈಗ ನಮ್ಮ ಮೇಡಂ ಎಲ್ಲ ಸರಿಮಾಡ್ತಿದ್ದಾರೆ, ತುಂಬಾ ಒಳ್ಳೆಯವರು ಅಂತ. ಅಮ್ಮ ಈಗಲೂ ಪತ್ರ ಕೊಡುವಾಗ, “ನಿಮ್ ಒಳ್ಳೆ ಮೇಡಂದು ಬಂದಿದೆ ನೋಡು” ಅನ್ನುತ್ತಾರೆ. ನಾನು ತಿದ್ದಲು ಹೋಗಿಲ್ಲ.

ಇವತ್ತು ಬರೆಯಲು ಕಾರಣ ಬೇರೆ. ಏಪ್ರಿಲ್‌ನಿಂದ ನನ್ನ ಕೈಕೆಳಗೆ ಇಬ್ಬರನ್ನು ಕೊಟ್ಟಿದ್ದಾರೆ, ಪ್ರಮೀಳಾ ಮತ್ತು ಶಾಬಾಜ್. ಗುರುವಾರ ಪ್ರಮೀಳಾ ನನ್ನ ಮೇಜಿನ ಹತ್ತಿರ ಬಂದಳು. ಯಂತ್ರ ನಡೆಸುವವರು ತುಂಬಬೇಕಾದ ಹಾಳೆಯಲ್ಲಿ ಕೆಲವು ಖಾನೆ ಖಾಲಿ ಇವೆಯಂತೆ. “ಅವ್ರನ್ನೇ ಹೋಗಿ ಕೇಳ್ತೀನಿ ಮೇಡಂ, ಎರಡು ದಿನ ಕೊಡಿ” ಅಂದಳು. ಶನಿವಾರಕ್ಕೆ ರಿಪೋರ್ಟ್ ಕೊಡಬೇಕಿತ್ತು. ನಾನು ಸ್ಕ್ರೀನ್ ನೋಡುತ್ತಿದ್ದೆ. ‘ಬಿಟ್ಹಾಕು’ ಅನ್ನುವ ಮಾತು ಬಾಯಿಗೆ ಬಂದೇಬಿಟ್ಟಿತ್ತು.

ಎರಡು ದಿನ ಕೊಟ್ಟೆ ಎಂದು ಬರೆಯಲು ಆಸೆ. ಕೊಡಲಿಲ್ಲ ಮೇಡಂ. ಒಂದು ದಿನ ಕೊಟ್ಟೆ. ಅವಳು ಅರ್ಧ ಮಾತ್ರ ವಿಚಾರಿಸಿ ಬಂದಳು, ಮಿಕ್ಕ ಅರ್ಧವನ್ನು ಬಿಟ್ಟೇ ರಿಪೋರ್ಟ್ ಹೋಯಿತು. ಬಿಡಲು ಹೇಳಿದ್ದು ನಾನು ಎಂದು ಅದರಲ್ಲಿ ನನ್ನ ಹೆಸರು ಹಾಕಿ ಬರೆದಿದ್ದೇನೆ. ಅಷ್ಟು ಮಾತ್ರ ಆಯಿತು.

ನಿನ್ನೆ ಮಧ್ಯಾಹ್ನ ಅವರಿಬ್ಬರೂ ಏನೋ ಮಾತಾಡಿಕೊಂಡು ನಗುತ್ತ ಡಬ್ಬಿ ತೆಗೆದುಕೊಂಡು ಹೊರಟರು. ನಾನು ತಲೆ ಎತ್ತಿದಾಗ ನಗು ನಿಂತಿತು. ಕರೆಯಲಿಲ್ಲ. ನಾನು ಮೇಜಿನಲ್ಲೇ ಡಬ್ಬಿ ಬಿಚ್ಚಿದೆ. ಹುಳ್ಳಿಕಾಳು ಸಾರು.

ಕ್ಷಮಿಸಿದ್ದೇನೆ ಎಂದು ಇದನ್ನು ಓದಬೇಡಿ. ಅದು ಇನ್ನೂ ಗೊತ್ತಿಲ್ಲ. ಒಂದು ಸಣ್ಣ ವಿಷಯ ನೆನಪಾಗುತ್ತಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಮೇಜಿನಲ್ಲಿ ಒಬ್ಬರೇ ಊಟಕ್ಕೆ ಕೂತಾಗ ನೀವು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದಿರೋ, ಗೋಡೆಯ ಕಡೆಗೋ?

ತಿಳಿಸಿ.

ನಂದಿತಾ